ಅಹಮದಾಬಾದಿನ ಮಹಾಜನರು ಮತ್ತು ಕೋಟೆಯಾಚೆಯ ನೆರೆಹೊರೆ

ಕ್ರಿ.ಶ. 1725ರಲ್ಲಿ ಗುಜರಾತಿನ ಅಹಮದಾಬಾದ್ ನಗರವು ಲೂಟಿಯ ಭಯದಲ್ಲಿತ್ತು. ಮೊಗಲರ ಆಡಳಿತ ಸಡಿಲಗೊಂಡು, ಪ್ರಾಂತದ ಅಧಿಕಾರಕ್ಕಾಗಿ ಕಾದಾಡುತ್ತಿದ್ದವರು ಮರಾಠಾ ಸರದಾರರ ನೆರವನ್ನು ಪಡೆದಿದ್ದರು. ಆ ಸೈನ್ಯವು ಊರ ಬಾಗಿಲಿನವರೆಗೆ ಬಂದಿತ್ತು. ಆ ಸಂಕಟಕಾಲದಲ್ಲಿ ನಗರಸೇಠ ಖುಶಾಲಚಂದರು ತಮ್ಮ ಸ್ವಂತ ಧನದಿಂದ ದೊಡ್ಡ ಮೊತ್ತವನ್ನು ತೆತ್ತು ಊರನ್ನು ಉಳಿಸಿದರು. ಇವರು ಮೊಗಲ್ ಆಸ್ಥಾನದಲ್ಲಿ ಮನ್ನಣೆ ಪಡೆದಿದ್ದ ಪ್ರಸಿದ್ಧ ಜೈನ ರತ್ನವರ್ತಕ ಶಾಂತಿದಾಸ ಝವೇರಿಯವರ ಮೊಮ್ಮಗ. ಇದಕ್ಕೆ ಕೃತಜ್ಞತೆಯಾಗಿ ಊರಿನ ವರ್ತಕರು ಸೇರಿ ಒಂದು ಪತ್ರವನ್ನು ಬರೆದುಕೊಟ್ಟರು. ಪೇಟೆಯಲ್ಲಿ ಮುದ್ರೆಯೊತ್ತಿಸಿಕೊಳ್ಳುವ ಸರಕಿನ ಬೆಲೆಯಲ್ಲಿ ನೂರು ರೂಪಾಯಿಗೆ ನಾಲ್ಕಾಣೆಯಂತೆ ಖುಶಾಲಚಂದರಿಗೂ ಅವರ ವಂಶದವರಿಗೂ ಸಲ್ಲತಕ್ಕದ್ದೆಂದು ಅದರಲ್ಲಿ ನಿರ್ಧರಿಸಲಾಯಿತು.

ಈ ಪ್ರಸಂಗವನ್ನು ನಮ್ಮವರು ಸಾಮಾನ್ಯವಾಗಿ ಔದಾರ್ಯದ ಕಥೆಯಾಗಿ ಹೇಳುವುದುಂಟು. ಅದು ಔದಾರ್ಯವೇ ಹೌದು. ಆದರೆ ವಾಣಿಜ್ಯಶಾಸ್ತ್ರವನ್ನು ಓದಿ ನಾಲ್ಕು ದಶಕಗಳ ಕಾಲ ಖಾತೆಪುಸ್ತಕಗಳ ನಡುವೆಯೇ ಕುಳಿತ ನನಗೆ ಆ ನಾಲ್ಕಾಣೆಯೇ ಹೆಚ್ಚು ಕುತೂಹಲಕರವಾಗಿ ತೋರುತ್ತದೆ. ಒಬ್ಬರು ಮುಂದಾಗಿ ಕೊಟ್ಟ ಹಣವನ್ನು ಊರಿನ ಸಮಸ್ತ ವ್ಯಾಪಾರವೂ ಅಲ್ಪಾಲ್ಪವಾಗಿ ಹೊತ್ತುಕೊಂಡಿತು. ಊರು ಉಳಿದುದರಿಂದ ಲಾಭ ಪಡೆದವರೆಲ್ಲರೂ, ಅವರವರ ವ್ಯವಹಾರದ ಪ್ರಮಾಣಕ್ಕೆ ತಕ್ಕಂತೆ, ಊರಿನ ಋಣವನ್ನು ತೀರಿಸಿದರು. ನಗರವೊಂದು ನ್ಯಾಯವಾಗಿಯೂ ಬಾಳಿಕೆ ಬರುವಂತೆಯೂ ಬೆಳೆಯುವುದು ಹೇಗೆಂಬ ಪ್ರಶ್ನೆಯನ್ನು ಇಂದು ದೊಡ್ಡ ದೊಡ್ಡ ಸಭೆಗಳಲ್ಲಿ ಚರ್ಚಿಸುತ್ತಾರೆ. ಒಂದು ಊರಿನ ಮೂರು ಶತಮಾನಗಳ ಲೆಕ್ಕವನ್ನು ತೆಗೆದು, ಯಾರು ತೆತ್ತರು, ಯಾರು ಪಡೆದರು, ಯಾರನ್ನು ಕೇಳದೆಯೇ ನಿರ್ಧಾರವಾಯಿತು ಎಂದು ನೋಡಿದರೆ ಆ ಪ್ರಶ್ನೆಯು ತಕ್ಕಮಟ್ಟಿಗೆ ತಿಳಿಯಾಗುವುದೆಂದು ನನ್ನ ಭಾವನೆ. ನಮ್ಮ ಸಮಾಜದವರ ಹೆಜ್ಜೆಗುರುತುಗಳು ಅಲ್ಲಿ ಉದ್ದಕ್ಕೂ ಇರುವುದರಿಂದ ಅಹಮದಾಬಾದನ್ನೇ ಆರಿಸಿಕೊಂಡಿದ್ದೇನೆ.

ಸುಲ್ತಾನ ಅಹಮದ್ ಶಹನು 1411ರಲ್ಲಿ ಸಾಬರಮತಿಯ ಪೂರ್ವದಂಡೆಯಲ್ಲಿ ಸ್ಥಾಪಿಸಿದ ಈ ನಗರದ ಒಳಗೆ, ಕಾಲಕ್ರಮದಲ್ಲಿ 'ಪೋಳ' ಎಂಬ ವಸತಿಗಳು ಬೆಳೆದವು. ಪೋಳವೆಂದರೆ ಒಂದೇ ಹೆಬ್ಬಾಗಿಲಿನ ಒಳಗೆ, ಇಕ್ಕಟ್ಟಾದ ಓಣಿಯ ಇಕ್ಕೆಲಗಳಲ್ಲಿ ಒತ್ತೊತ್ತಾಗಿ ಕಟ್ಟಿದ ಮನೆಗಳ ಕೇರಿ. ರಾತ್ರಿ ಬಾಗಿಲು ಹಾಕಿದರೆ ಅದೊಂದು ಪುಟ್ಟ ಊರು. ಓಣಿಯ ಗುಡಿಸುವಿಕೆ, ಕಾವಲು, ದುರಸ್ತಿ ಎಲ್ಲವೂ ಪೋಳದ ಪಂಚರ ಹೊಣೆ. ಅನುಕೂಲವಂತರ ಮನೆಯ ನಡುವಣ ತೊಟ್ಟಿಯ ಕೆಳಗೆ 'ಟಾಂಕಾ' ಎಂಬ ನೆಲಮಾಳಿಗೆಯ ನೀರುಗೂಡು ಇರುತ್ತಿತ್ತು. ಮಾಡಿನ ಮೇಲೆ ಬಿದ್ದ ಮಳೆನೀರು ಕೊಳವೆಯ ಮೂಲಕ ಅದರೊಳಗೆ ಇಳಿಯುತ್ತಿತ್ತು. ಬೆಳಕು ಬೀಳದಂತೆ ಮುಚ್ಚಿಟ್ಟ ಆ ನೀರು ಮುಂದಿನ ಮಳೆಗಾಲದವರೆಗೆ ಕುಡಿಯಲು ಒದಗುತ್ತಿತ್ತು. ಊರ ಬಾವಿಗಳ ನೀರು ಅನೇಕ ಕಡೆ ಉಪ್ಪಾಗಿದ್ದುದರಿಂದ ಇದು ಅನಿವಾರ್ಯವೂ ಆಗಿತ್ತು. ಸೋಸಿದ ನೀರನ್ನೇ ಕುಡಿಯಬೇಕೆಂಬ ನಿಯಮವುಳ್ಳ ನಮ್ಮ ಮನೆಗಳಲ್ಲಿ ಈ ಟಾಂಕಾವನ್ನು ಎಷ್ಟು ಜತನದಿಂದ ನೋಡಿಕೊಂಡಿರಬಹುದೆಂದು ಓದುಗರೇ ಊಹಿಸಬಹುದು. ಪೋಳದ ಚೌಕದಲ್ಲಿ ಹಕ್ಕಿಗಳಿಗೆ ಕಾಳು ಹಾಕುವ 'ಚಬೂತರೋ' ಎಂಬ ಕಂಬಗೂಡು ನಿಂತಿರುತ್ತಿತ್ತು. ನಿತ್ರಾಣವಾದ ದನಕರುಗಳಿಗೆ ಪಾಂಜರಾಪೋಳವಿತ್ತು.

2017ರಲ್ಲಿ ಯುನೆಸ್ಕೋ ಸಂಸ್ಥೆಯು ಅಹಮದಾಬಾದಿನ ಹಳೆಯ ನಗರವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಪತ್ರಿಕೆಗಳು ಹೊಗಳಿದ್ದು ಈ ಪೋಳ ಜೀವನವನ್ನೇ. ಹೊಗಳಿಕೆ ಯೋಗ್ಯವಾದುದು. ಆದರೂ ಒಂದು ಮಾತನ್ನು ಮರೆಮಾಚಬಾರದು. ಪೋಳದ ಹೆಬ್ಬಾಗಿಲು ಒಳಗಿನವರನ್ನು ಎಷ್ಟು ಚೆನ್ನಾಗಿ ಕಾಪಾಡಿತೋ ಹೊರಗಿನವರನ್ನು ಅಷ್ಟೇ ಚೆನ್ನಾಗಿ ಹೊರಗಿಟ್ಟಿತು. ಪೋಳಗಳು ಬಹುಮಟ್ಟಿಗೆ ಜಾತಿ, ಕಸುಬು, ಮತಗಳ ಪ್ರಕಾರ ಬೇರೆಬೇರೆಯಾಗಿದ್ದವು.

ಇಡೀ ಊರಿಗೆ ಒಂದೇ ಹೊಣೆಯೆಂಬ ಭಾವನೆ ಆಡಳಿತದ ರೂಪ ತಾಳಿದುದು ಬ್ರಿಟಿಷರ ಕಾಲದ ಆರಂಭದಲ್ಲಿ, ಅದೂ ವಿಚಿತ್ರವಾದ ದಾರಿಯಲ್ಲಿ. 1830ರ ದಶಕದಲ್ಲಿ ಊರ ಕೋಟೆಗೋಡೆ ಪಾಳುಬಿದ್ದು ಕಳ್ಳಕಾಕರ ಕಾಟ ಹೆಚ್ಚಾದಾಗ, ಅಧಿಕಾರಿಗಳೂ ಊರ ಪ್ರಮುಖರೂ ಕೂಡಿದ ಸಮಿತಿಯೊಂದು ತುಪ್ಪ ಮುಂತಾದ ಸರಕುಗಳ ಮೇಲೆ ಸಣ್ಣ ಸುಂಕವನ್ನು ಹಾಕಿ ಗೋಡೆಯನ್ನು ದುರಸ್ತಿ ಮಾಡಿಸಿತು. ಗೋಡೆ ಪೂರ್ಣವಾದರೂ ಸುಂಕ ನಿಲ್ಲಲಿಲ್ಲ. ಸುಂಕದ ಸ್ವಭಾವವೇ ಹಾಗೆ ಎಂದು ವರ್ತಕರು ನಗಬಹುದು! ಆದರೆ ಆ ಹಣ ಊರಿನ ಇತರ ಸೌಕರ್ಯಗಳಿಗೆ ವಿನಿಯೋಗವಾಯಿತು. ಆ ಸಮಿತಿಯೇ ಮುಂದೆ ಪುರಸಭೆಗೆ ಬೀಜವಾಯಿತು.

ಪುರಸಭೆಯ ಇತಿಹಾಸದಲ್ಲಿ ರಣಛೋಡಲಾಲ ಛೋಟಾಲಾಲರ ಹೆಸರನ್ನು ಬಿಡುವಂತಿಲ್ಲ. ನಾಗರ ಬ್ರಾಹ್ಮಣರಾದ ಇವರು 1861ರಲ್ಲಿ ಊರಿನ ಮೊದಲ ಬಟ್ಟೆ ಗಿರಣಿಯನ್ನು ನಡೆಸಲಾರಂಭಿಸಿದವರು. ಅನಂತರ ಪುರಸಭೆಯ ಅಧ್ಯಕ್ಷರಾದರು. ಕೊಳವೆಯ ನೀರು ಮತ್ತು ಒಳಚರಂಡಿಯನ್ನು ಊರಿಗೆ ತರಲೇಬೇಕೆಂದು ಅವರು ಹೊರಟಾಗ ತೆರಿಗೆಯ ಭಯದಿಂದಲೂ ಹೊಸತರ ಮೇಲಿನ ಶಂಕೆಯಿಂದಲೂ ಊರಿನ ಪ್ರತಿಷ್ಠಿತರೇ ಎದುರು ನಿಂತರು. ಅವರು ಹಿಂದೆಗೆಯಲಿಲ್ಲ. 1891ರಲ್ಲಿ ನಲ್ಲಿಯ ನೀರು ಬಂದಿತು. ಒಳಚರಂಡಿಯ ಕೆಲಸವೂ ಅದೇ ದಶಕದಲ್ಲಿ ನಡೆಯಿತು. ಇವೆಲ್ಲ ಕೋಟೆಯೊಳಗಿನ ಊರಿಗೆ.

ಅದೇ ಹೊತ್ತಿಗೆ ಕೋಟೆಯ ಹೊರಗೆ ಇನ್ನೊಂದು ಊರು ಬೆಳೆಯುತ್ತಿತ್ತು. ಸರಸಪುರ, ಗೋಮತಿಪುರ, ಅಸಾರವಾಗಳಲ್ಲಿ ಒಂದರ ಪಕ್ಕದಲ್ಲೊಂದು ಗಿರಣಿಯ ಚಿಮಣಿಗಳು ಎದ್ದವು. ಹಳ್ಳಿಗಳಿಂದ ಬಂದ ಕಾರ್ಮಿಕರು ಗಿರಣಿಗಳ ಮಗ್ಗುಲಲ್ಲಿ 'ಚಾಳ'ಗಳೆಂಬ ಒಂದೇ ಕೋಣೆಯ ಸಾಲುಮನೆಗಳಲ್ಲಿ ಸೇರಿಕೊಂಡರು. ಗಿರಣಿಯ ಬಂಡವಾಳದಲ್ಲಿ ಜೈನ ಮನೆತನಗಳ ಪಾಲು ದೊಡ್ಡದು. ಇಪ್ಪತ್ತನೆಯ ಶತಮಾನದಲ್ಲಿ ಆ ಮನೆತನಗಳು ಪೋಳವನ್ನು ಬಿಟ್ಟು ಶಾಹಿಬಾಗಿನ ಕಡೆಗೂ, ಎಲ್ಲಿಸ್ ಸೇತುವೆ ದಾಟಿ ನದಿಯ ಪಶ್ಚಿಮದ ಬಂಗಲೆಗಳಿಗೂ ಹೋದವು. ಪೂರ್ವದಲ್ಲಿ ಹೊಗೆ, ಪಶ್ಚಿಮದಲ್ಲಿ ತೋಟ. ನಡುವೆ ಹಳೆಯ ಊರು. ಈ ವಿಭಾಗದ ಗುರುತು ಇಂದಿಗೂ ಅಳಿಸಿಲ್ಲ.

1918ರ ಗಿರಣಿ ಮುಷ್ಕರವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಪ್ಲೇಗಿನ ಕಾಲದಲ್ಲಿ ಕೊಡುತ್ತಿದ್ದ ಹೆಚ್ಚುವರಿ ಭತ್ಯವನ್ನು ಮಾಲೀಕರು ನಿಲ್ಲಿಸಿದಾಗ ನೇಕಾರರು ತಿರುಗಿಬಿದ್ದರು. ಮಾಲೀಕರ ಮುಂದಾಳು ಅಂಬಾಲಾಲ ಸಾರಾಭಾಯಿಯವರು. ಕಾರ್ಮಿಕರ ಪಕ್ಷದಲ್ಲಿ ನಿಂತವರು ಅವರ ಒಡಹುಟ್ಟಿದ ಸೋದರಿ ಅನಸೂಯಾ ಬೆಹನ್. ಒಂದೇ ಜೈನ ಮನೆತನದ ಅಕ್ಕ-ತಮ್ಮಂದಿರು ಎದುರುಬದುರಾದ ಈ ಪ್ರಸಂಗದಲ್ಲಿ ಗಾಂಧೀಜಿಯವರು ನೂರಕ್ಕೆ 35ರ ಹೆಚ್ಚಳವು ನ್ಯಾಯವೆಂದು ತೀರ್ಮಾನಿಸಿ, ಮಾರ್ಚ್ ತಿಂಗಳಲ್ಲಿ ಮೂರು ದಿನ ಉಪವಾಸ ಮಾಡಿದರು. ಪಂಚಾಯಿತಿಗೆ ಒಪ್ಪಂದವಾಯಿತು, ಪಂಚರಾದ ಆನಂದಶಂಕರ ಧ್ರುವರು ಆ ನೂರಕ್ಕೆ 35ನ್ನೇ ಎತ್ತಿಹಿಡಿದರು. 1920ರಲ್ಲಿ ಕಾರ್ಮಿಕರ ಸಂಘ ಹುಟ್ಟಿದಾಗ ಅದಕ್ಕೆ ಇಟ್ಟ ಹೆಸರು 'ಮಜೂರ ಮಹಾಜನ'. ಆ ಊರಿನಲ್ಲಿ ಮಹಾಜನವೆಂದರೆ ವರ್ತಕರ ಶ್ರೇಣಿ. ಬೆಲೆ, ರಜೆ, ವ್ಯಾಜ್ಯಗಳನ್ನು ತೀರ್ಮಾನಿಸುವ ಸಂಘ. ನಮ್ಮ ಕನ್ನಡ ಶಾಸನಗಳ 'ಅಯ್ಯಾವೊಳೆಯ ಐನೂರ್ವ'ರನ್ನು ಬಲ್ಲವರಿಗೆ ಇಂಥ ಸಂಘದ ಸ್ವರೂಪ ಹೊಸದಲ್ಲ. ಶತಮಾನಗಳಿಂದ ಸೇಠರಿಗಷ್ಟೇ ಸಲ್ಲುತ್ತಿದ್ದ ಆ ಶಬ್ದವನ್ನು ಮಗ್ಗದ ಮುಂದೆ ನಿಂತವರು ತಮ್ಮದೆಂದು ತೆಗೆದುಕೊಂಡರು. ಊರಿನ ಪಂಚಾಯಿತಿಯಲ್ಲಿ ತಮಗೂ ಒಂದು ಮಣೆ ಬೇಕೆಂದು ಕೇಳುವ ಬಗೆ ಇದಕ್ಕಿಂತ ಮರ್ಯಾದೆಯದು ಇನ್ನಾವುದಿದೆ?

ಕೂಲಿ ಹೆಚ್ಚಿತು, ಚಾಳದ ಸ್ಥಿತಿ ಅಷ್ಟಾಗಿ ಬದಲಾಗಲಿಲ್ಲ. ನಗರದ ವಿಸ್ತರಣೆಗೆ ಆ ಕಾಲದಲ್ಲಿ ಸಿಕ್ಕಿದ ಉಪಾಯವು 1915ರ ಮುಂಬಯಿ ನಗರ ಯೋಜನಾ ಕಾಯಿದೆ. ಇದರ ರೀತಿಯನ್ನು ಸ್ವಲ್ಪ ವಿವರಿಸುವುದು ಅವಶ್ಯ. ಒಂದು ಪ್ರದೇಶದ ಹೊಲಗದ್ದೆಗಳನ್ನು ಕಾಗದದ ಮೇಲೆ ಒಟ್ಟುಗೂಡಿಸಿ, ರಸ್ತೆ, ಶಾಲೆ, ಉದ್ಯಾನಗಳಿಗೆ ಬೇಕಾದಷ್ಟನ್ನು ತೆಗೆದು, ಉಳಿದುದನ್ನು ಮೊದಲಿನ ಒಡೆಯರಿಗೇ ಚೌಕವಾದ ನಿವೇಶನಗಳಾಗಿ ಹಿಂದಿರುಗಿಸುವರು. ಪ್ರತಿಯೊಬ್ಬನಿಗೂ ಮೊದಲಿಗಿಂತ ಕಡಮೆ ನೆಲ, ಆದರೆ ಹೆಚ್ಚಿನ ಬೆಲೆ. ಹೆಚ್ಚಿದ ಬೆಲೆಯಲ್ಲಿ ಒಂದು ಭಾಗವನ್ನು ಒಡೆಯನು ಊರಿಗೆ ತೆರಬೇಕು. ಒಬ್ಬನ ಹೊಲವನ್ನು ಪೂರ್ತಿ ಕಿತ್ತುಕೊಂಡು ಪಕ್ಕದವನನ್ನು ಶ್ರೀಮಂತನಾಗಿಸುವ ಭೂಸ್ವಾಧೀನಕ್ಕಿಂತ ಇದು ಬಹಳ ನ್ಯಾಯವಾದ ಕ್ರಮ. ವಲ್ಲಭಭಾಯಿ ಪಟೇಲರು 1924ರಿಂದ 1928ರವರೆಗೆ ಪುರಸಭೆಯ ಅಧ್ಯಕ್ಷರಾಗಿದ್ದ ಕಾಲದಲ್ಲಿ ನಗರವು ನದಿಯ ಪಶ್ಚಿಮಕ್ಕೆ ಹರಡಿಕೊಂಡುದು ಇಂಥ ಯೋಜನೆಗಳ ಬಲದಿಂದ. ಈ ಶತಮಾನದ ಆರಂಭದಲ್ಲಿ ಊರಿನ ಸುತ್ತ ಕಟ್ಟಿದ 76 ಕಿಲೋಮೀಟರ್ ಉದ್ದದ ವರ್ತುಲ ರಸ್ತೆಗೂ ಬಹುಪಾಲು ಭೂಮಿ ಈ ವಿಧಾನದಿಂದಲೇ ಒದಗಿತು. 1976ರ ಗುಜರಾತ್ ಕಾಯಿದೆಯು ಯೋಜನೆಯ ಭೂಮಿಯಲ್ಲಿ ಹತ್ತರಲ್ಲೊಂದು ಭಾಗದವರೆಗೆ ಬಡವರ ಮನೆಗಳಿಗಾಗಿ ಮೀಸಲಿಡಲು ಅವಕಾಶವನ್ನೂ ಕೊಟ್ಟಿದೆ. ಇದರ ಕೊರತೆಯೂ ಅದರ ಗುಣದಲ್ಲಿಯೇ ಅಡಗಿದೆ. ಕರೆದು ಕೇಳುವುದು ನೆಲದ ಒಡೆಯನನ್ನು ಮಾತ್ರ. ಬಾಡಿಗೆದಾರನಿಗೂ ಗುಡಿಸಲಿನವನಿಗೂ ಆ ಪಟ್ಟಿಯಲ್ಲಿ ಹೆಸರಿಲ್ಲ.

ಸ್ವಾತಂತ್ರ್ಯಾನಂತರ ಅಹಮದಾಬಾದಿನ ಗಿರಣಿ ಮಾಲೀಕರು ಜಗತ್ಪ್ರಸಿದ್ಧ ವಾಸ್ತುಶಿಲ್ಪಿಗಳನ್ನು ಕರೆಯಿಸಿದರು. ಲ ಕಾರ್ಬೂಸಿಯೇ ಅವರು ರೂಪಿಸಿದ ಗಿರಣಿ ಮಾಲೀಕರ ಸಂಘದ ಭವನ 1954ರಲ್ಲಿ ಸಿದ್ಧವಾಯಿತು. ಶಾಂತಿದಾಸರ ವಂಶಜರಾದ ಕಸ್ತೂರಭಾಯಿ ಲಾಲಭಾಯಿಯವರು ಕಟ್ಟಿಬೆಳೆಸಿದ ವಿದ್ಯಾಸಂಸ್ಥೆಗಳ ಋಣ ದೇಶಕ್ಕೇ ಇದೆ. ಆದರೂ ಭವನದಿಂದ ಎರಡು ಮೂರು ಮೈಲಿಯ ದೂರದಲ್ಲಿ ಕಾರ್ಮಿಕರ ಹೆಂಗಸರು ಸಾರ್ವಜನಿಕ ನಲ್ಲಿಯ ಮುಂದೆ ಸಾಲುಗಟ್ಟಿ ನಿಲ್ಲುತ್ತಿದ್ದರೆಂಬುದನ್ನು ಜಮಾ-ಖರ್ಚಿನ ಎರಡನೆಯ ಪುಟದಲ್ಲಿ ಬರೆಯದಿದ್ದರೆ ಲೆಕ್ಕ ಸರಿಹೊಂದುವುದಿಲ್ಲ. ಅವರಿಗಾಗಿ ದಾನ ಮಾಡಿದವರು ಇದ್ದರು. ಧರ್ಮಛತ್ರ, ಔಷಧಾಲಯ, ಬರಗಾಲದ ಗಂಜಿ ಎಲ್ಲವೂ ಉಂಟು. ದಾನ ಪಡೆಯುವವನು ಕೈಯೊಡ್ಡುವವನಾಗಿಯೇ ಉಳಿಯುತ್ತಾನೆ, ಊರಿನ ಪಾಲುಗಾರನಾಗುವುದಿಲ್ಲ. ನಮ್ಮ ದಾನಶಾಸನಗಳನ್ನು ಓದುವಾಗಲೆಲ್ಲ ನನಗೆ ಈ ಅಳುಕು ಬರುತ್ತದೆ.

1980 ಮತ್ತು 1990ರ ದಶಕಗಳಲ್ಲಿ ಗಿರಣಿಗಳು ಒಂದರ ಹಿಂದೊಂದರಂತೆ ಮುಚ್ಚಿದವು. ಹತ್ತಾರು ಸಾವಿರ ಕಾರ್ಮಿಕರು ಬೀದಿಗೆ ಬಿದ್ದರು. ಮಜೂರ ಮಹಾಜನದ ಬಲವೂ ಕುಗ್ಗಿತು. ಆ ಸಂಘದ ಮಹಿಳಾ ವಿಭಾಗದಿಂದ ಇಳಾ ಭಟ್ಟರು 1972ರಲ್ಲಿ ಕಟ್ಟಿದ 'ಸೇವಾ' ಸಂಸ್ಥೆಯು ತಲೆಹೊರೆಯವರು, ಚಿಂದಿ ಆಯುವವರು, ತರಕಾರಿ ಮಾರುವವರು ಮುಂತಾದ ಹೆಂಗಸರನ್ನು ಒಗ್ಗೂಡಿಸಿತ್ತು. 1974ರಲ್ಲಿ ಅವರದೇ ಸಹಕಾರಿ ಬ್ಯಾಂಕು ಬಂದಿತು. ಬ್ಯಾಂಕೆಂದರೆ ಉಳಿತಾಯ, ಉಳಿತಾಯವೆಂದರೆ ಮಾತಿಗೆ ಬೆಲೆ. ಈ ಬ್ಯಾಂಕೇ ಮುಂದಿನ ಪ್ರಯೋಗಕ್ಕೆ ಆಧಾರವಾಯಿತು.

1995ರಲ್ಲಿ ಸಂಜಯನಗರವೆಂಬ 181 ಮನೆಗಳ ಕೊಳೆಗೇರಿಯಲ್ಲಿ ಮಹಾನಗರಪಾಲಿಕೆಯು 'ಪರಿವರ್ತನ' ಎಂಬ ಯೋಜನೆಯನ್ನು ಆರಂಭಿಸಿತು. ಎಂಜಿನಿಯರ್ ಹಿಮಾಂಶು ಪಾರೀಖರು ಇಂದೋರಿನಲ್ಲಿ ತೋರಿಸಿಕೊಟ್ಟಿದ್ದ ಮಾರ್ಗವೇ ಇದರ ಮೂಲ. ಕೊಳೆಗೇರಿಗೆ ಬೇರೆಯದೇ ಕೀಳು ದರ್ಜೆಯ ಸೌಕರ್ಯ ಕೊಡದೆ, ಊರಿನ ಮುಖ್ಯ ನೀರಿನ ಕೊಳವೆಗೂ ಒಳಚರಂಡಿಗೂ ಪ್ರತಿ ಗುಡಿಸಲನ್ನು ನೇರವಾಗಿ ಜೋಡಿಸುವುದು ಅದರ ತಿರುಳು. ಮನೆಗೊಂದು ನಲ್ಲಿ, ಮನೆಗೊಂದು ಶೌಚಾಲಯ, ಒಳಚರಂಡಿ, ಮಳೆನೀರಿನ ಕಾಲುವೆ, ಹಾಸಿದ ಓಣಿ, ಬೀದಿದೀಪ, ಕಸದ ವಿಲೇವಾರಿ ಇವು ಏಳು ಅಂಗಗಳು. ಖರ್ಚನ್ನು ಹಂಚಿದ ರೀತಿ ಗಮನಾರ್ಹ. ಮನೆಯೊಂದಕ್ಕೆ 2000 ರೂಪಾಯಿ ಕುಟುಂಬದ ಪಾಲು, ಅಷ್ಟೇ ಮೊತ್ತ ಉದ್ಯಮದ ಪಾಲು, ಉಳಿದುದು ಪಾಲಿಕೆಯದು. ಇದಲ್ಲದೆ ನಿರ್ವಹಣೆಯ ನಿಧಿಗೆಂದು ಕುಟುಂಬವು 100 ರೂಪಾಯಿ ಸೇರಿಸಬೇಕಿತ್ತು. ಉದ್ಯಮದ ಪಾಲನ್ನು ವಹಿಸಿಕೊಂಡುದು ಲಾಲಭಾಯಿ ಮನೆತನದ ಅರವಿಂದ ಮಿಲ್ಸ್ ಸಂಸ್ಥೆ. ಕುಟುಂಬಗಳು ತಮ್ಮ ಪಾಲನ್ನು ಸೇವಾ ಬ್ಯಾಂಕಿನಲ್ಲಿ ಕಂತುಕಂತಾಗಿ ಕೂಡಿಟ್ಟವು, ಸಾಲದವರು ಸಾಲ ಪಡೆದರು. 'ಸಾಥ್' ಎಂಬ ಸ್ವಯಂಸೇವಾ ಸಂಸ್ಥೆಯು ಮನೆಮನೆಗೆ ಹೋಗಿ ಜನರನ್ನು ಒಪ್ಪಿಸಿತು.

ಅಂದಿನ 2000 ರೂಪಾಯಿ ಕೂಲಿಯವನಿಗೆ ಸಣ್ಣ ಹಣವಲ್ಲ. ಅದನ್ನು ಅವರಿಂದ ಕೇಳಬೇಕಾಗಿತ್ತೇ ಎಂದು ಆಕ್ಷೇಪಿಸುವವರುಂಟು. ಆಕ್ಷೇಪದಲ್ಲಿ ಹುರುಳಿದೆ, ಬಂಗಲೆಯವರ ಬಾಗಿಲಿಗೆ ಚರಂಡಿ ಬರುವಾಗ ಮೊದಲು ಪಾಲು ಕಟ್ಟೆಂದು ಯಾರೂ ಕೇಳಿರಲಿಲ್ಲ. ಆದರೆ ಅದಕ್ಕೆ ಪ್ರತಿಯಾಗಿ ಆ ಜನರಿಗೆ ಸಿಕ್ಕಿದ್ದನ್ನೂ ನೋಡಬೇಕು. ಹತ್ತು ವರ್ಷ ನಿಮ್ಮನ್ನು ಇಲ್ಲಿಂದ ಎಬ್ಬಿಸುವುದಿಲ್ಲವೆಂದು ಪಾಲಿಕೆಯು ಭರವಸೆ ಕೊಟ್ಟಿತು. ಹಕ್ಕುಪತ್ರವಲ್ಲ, ಭರವಸೆ ಅಷ್ಟೇ. ಅಷ್ಟರಿಂದಲೇ ತಗಡು, ಗೋಣಿತಟ್ಟುಗಳು ಹೋಗಿ ಇಟ್ಟಿಗೆಯ ಗೋಡೆಗಳು ಎದ್ದವು. ನಾಳೆ ಇಲ್ಲಿರುತ್ತೇನೆಂಬ ನಂಬಿಕೆಯಿದ್ದರೆ ಮನುಷ್ಯನು ಸಾಲ ಮಾಡಿಯಾದರೂ ಮನೆಗೆ ಹಾಕುತ್ತಾನೆ. ಹಣ ತೆತ್ತವನು ಕೆಟ್ಟ ಕೆಲಸವನ್ನು ಪ್ರಶ್ನಿಸಬಲ್ಲ. ಪುಕ್ಕಟೆ ಪಡೆದವನ ನಾಲಗೆ ಏಳುವುದಿಲ್ಲ.

ಮೊದಲ ಪ್ರಯೋಗದ ಬಳಿಕ ಉದ್ಯಮ ಹಿಂದೆ ಸರಿಯಿತು. ಕಾಗದಪತ್ರಗಳ ವಿಳಂಬ, ಏರಿದ ಖರ್ಚು, ಪಾಲಿಕೆಯ ರೀತಿಗೂ ಕಂಪನಿಯ ರೀತಿಗೂ ಹೊಂದದಿದ್ದುದು ಇದಕ್ಕೆ ಕಾರಣ. ಪಾಲಿಕೆಯು ಸೇವಾಸಂಸ್ಥೆಗಳೊಡನೆ ಕೆಲಸವನ್ನು ಮುಂದುವರಿಸಿ ಹತ್ತಾರು ಕೊಳೆಗೇರಿಗಳನ್ನು ಮುಟ್ಟಿತು. 2006ರಲ್ಲಿ ಅಂತಾರಾಷ್ಟ್ರೀಯ ಪ್ರಶಸ್ತಿಯೂ ಬಂದಿತು. ಊರಿನ ಕೊಳೆಗೇರಿಗಳಾದರೋ ನೂರಾರು. ಅದೇ ಪಾಲಿಕೆ 1998ರಲ್ಲಿ ರಾಜ್ಯ ಸರಕಾರದ ಖಾತರಿಯಿಲ್ಲದೆ 100 ಕೋಟಿ ರೂಪಾಯಿಗಳ ಬಾಂಡುಗಳನ್ನು ಮಾರುಕಟ್ಟೆಗೆ ತಂದು ದೇಶದ ನಗರಗಳಲ್ಲಿ ಮೊದಲಿಗನೆನಿಸಿತ್ತು. ಊರಿನ ಮೇಲೆ ಪೇಟೆಗೆ ನಂಬಿಕೆಯಿತ್ತು. ಉದ್ಯಮಿಗಳ ತಾಳ್ಮೆ ಮಾತ್ರ 181 ಮನೆಗಳಿಗೆ ತೀರಿತು. ದೊಡ್ಡ ಮಹೋತ್ಸವಗಳಿಗೆ, ಹೊಸ ಶಿಖರಗಳಿಗೆ ವರ್ಷಗಟ್ಟಲೆ ತಾಳ್ಮೆಯಿಂದ ಹಣ ಕೂಡಿಸಬಲ್ಲ ನಮ್ಮ ಸಮಾಜಕ್ಕೆ ಚರಂಡಿಯ ವಿಷಯದಲ್ಲಿ ಆ ತಾಳ್ಮೆ ಇರಲಾರದೇ ಎಂದು ಕೇಳಿದರೆ, ಟ್ರಸ್ಟಿನ ಮಿತ್ರರು ನನ್ನ ಮೇಲೆ ಮುನಿಯಬಾರದು.

ಇದಕ್ಕೆ ತಿರುವಾದ ಚಿತ್ರ ಸಾಬರಮತಿಯ ದಂಡೆಯಲ್ಲಿದೆ. ವರ್ಷದ ಹೆಚ್ಚು ಕಾಲ ಬತ್ತಿ, ಹೊಲಸು ಸೇರುತ್ತಿದ್ದ ನದಿಯನ್ನು ಸುಧಾರಿಸಲೆಂದು 1997ರಲ್ಲಿ ಪ್ರತ್ಯೇಕ ಕಂಪನಿಯನ್ನು ಸ್ಥಾಪಿಸಿ, 2005ರಲ್ಲಿ ಕಾಮಗಾರಿ ಆರಂಭಿಸಿದರು. ಎರಡೂ ಬದಿಯಲ್ಲಿ ಸುಮಾರು 11 ಕಿಲೋಮೀಟರ್ ಉದ್ದಕ್ಕೆ ಗೋಡೆ, ಕೆಳಗೆ ನಡೆದಾಡುವ ಹಾದಿ, ಕೊಳಚೆಯನ್ನು ತಡೆದು ಒಯ್ಯುವ ಕೊಳವೆಗಳು, ನರ್ಮದಾ ಕಾಲುವೆಯಿಂದ ನೀರು. 2012ರಿಂದ ಸಾರ್ವಜನಿಕರು ಅಲ್ಲಿ ಓಡಾಡುತ್ತಿದ್ದಾರೆ. ನೋಡಲು ಸೊಗಸಾಗಿದೆಯೆಂದು ಹೇಳದಿರಲಾರೆ. ಆದರೆ ದಂಡೆಯ ಮೇಲೆ ಹತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿದ್ದವು. ಅವರನ್ನು ಮೊದಲು ಕರೆದು ಕೇಳಲಿಲ್ಲ. ಅವರು 2005ರಲ್ಲಿ ಹೈಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆಯೇ ಪುನರ್ವಸತಿಯ ಲೆಕ್ಕ ಹೊರಬಂದುದು. ಅನೇಕರಿಗೆ ಮನೆಗಳು ಸಿಕ್ಕಿದವು, ಆದರೆ ಊರಂಚಿನ ವಟವಾ ಮುಂತಾದ ಕಡೆ. ಮನೆಗೆಲಸಕ್ಕೆ, ಗಾಡಿ ವ್ಯಾಪಾರಕ್ಕೆ ನಡೆದುಹೋಗುತ್ತಿದ್ದವರು ದಿನದ ಸಂಪಾದನೆಯಲ್ಲಿ ಒಂದು ಭಾಗವನ್ನು ಬಸ್ಸಿಗೆ ಕೊಡಬೇಕಾಯಿತು. ಪಕ್ಕಾ ಮನೆ ಜಮೆಯಾಯಿತು; ಕಸುಬು ಖರ್ಚಾಯಿತು.

ಅದೇ ದಂಡೆಯಲ್ಲಿದ್ದ ರವಿವಾರದ ಗುಜರಿ ಬಜಾರಿನವರ ಕಥೆ ಬೇರೆ. ಹಳೆಯ ಕಬ್ಬಿಣ, ಮಂಚ, ಪಾತ್ರೆ, ಪುಸ್ತಕ, ಆಡುಕುರಿ ಮಾರುವ ಈ ಸಂತೆ ಸುಲ್ತಾನನ ಕಾಲದಷ್ಟು ಹಳೆಯದೆಂಬ ಪ್ರತೀತಿ. ಇವರಿಗೊಂದು ಸಂಘವಿತ್ತು. ಸಂಘದವರು ನ್ಯಾಯಾಲಯಕ್ಕೂ ಹೋದರು, ವಿದ್ವಾಂಸರ ನೆರವಿನಿಂದ ತಮ್ಮ ಸಂತೆಗೆ ಹೊಂದುವ ಬದಲಿ ನಕ್ಷೆಯನ್ನೂ ಮುಂದಿಟ್ಟರು. 2014ರಲ್ಲಿ ನದಿಯ ದಂಡೆಯಲ್ಲಿಯೇ ಅವರಿಗೆ ಕಟ್ಟೆ, ನೆರಳುಗಳ ಹೊಸ ಸಂತೆಮಾಳ ತೆರೆಯಿತು. ಗುಡಿಸಲಿನವರಿಗೂ ಗುಜರಿಯವರಿಗೂ ಬಡತನದಲ್ಲಿ ಹೆಚ್ಚಿನ ಅಂತರವಿರಲಿಲ್ಲ. ಗುಜರಿಯವರಿಗೆ ಹಳೆಯ ಮಹಾಜನವಿತ್ತು, ಅಷ್ಟೇ.

ಕೊನೆಗೆ ಬಿಸಿಲಿನ ಮಾತು. 2010ರ ಮೇ ತಿಂಗಳಿನಲ್ಲಿ ಅಹಮದಾಬಾದಿನ ತಾಪಮಾನ 46.8 ಡಿಗ್ರಿಗೆ ಏರಿತು. ಆ ತಿಂಗಳು ಎಂದಿಗಿಂತ ಸುಮಾರು 1300 ಸಾವುಗಳು ಹೆಚ್ಚಾಗಿ ಸಂಭವಿಸಿದವೆಂದು ತಜ್ಞರು ಲೆಕ್ಕ ಹಾಕಿದರು. ಬಿಸಿಲು ಎಲ್ಲರ ಮೇಲೂ ಒಂದೇ ಸಮನೆ ಬೀಳುತ್ತದೆ. ಚಾವಣಿಗಳು ಒಂದೇ ಅಲ್ಲ. ಪೋಳದ ದಪ್ಪ ಗೋಡೆ, ಒಳತೊಟ್ಟಿ, ಓಣಿಯ ನೆರಳುಗಳಲ್ಲಿ ಇರುವವನಿಗೂ ತಗಡಿನ ಕೆಳಗೆ ಇರುವವನಿಗೂ ಮಧ್ಯಾಹ್ನ ಬೇರೆಬೇರೆಯೇ. 2013ರಲ್ಲಿ ಪಾಲಿಕೆಯು ದಕ್ಷಿಣ ಏಷ್ಯದಲ್ಲಿಯೇ ಮೊದಲನೆಯದಾದ ಬಿಸಿಲ ತಡೆ ಯೋಜನೆಯನ್ನು ಜಾರಿಗೆ ತಂದಿತು. ಮುನ್ಸೂಚನೆ ಬಂದೊಡನೆ ಬಣ್ಣದ ಎಚ್ಚರಿಕೆ, ಆಸ್ಪತ್ರೆಗಳ ಸಿದ್ಧತೆ, ಕುಡಿಯುವ ನೀರಿನ ಅರವಟ್ಟಿಗೆಗಳು ಅದರಲ್ಲಿವೆ. ಮುಂದೆ ಗುಡಿಸಲುಗಳ ತಗಡಿನ ಮಾಡಿಗೆ ಬಿಳಿಯ ಲೇಪವನ್ನು ಬಳಿಯುವ ಕೆಲಸವೂ ಸೇರಿತು. ಸುಣ್ಣದಂಥ ಆ ಲೇಪ ಒಳಗಿನ ಸೆಕೆಯನ್ನು ಕೆಲವು ಡಿಗ್ರಿಗಳಷ್ಟು ಇಳಿಸುತ್ತದೆ. ಅದನ್ನು ಮತ್ತೆ ಮತ್ತೆ ಬಳಿಯಬೇಕು. ಪ್ರತಿ ವರ್ಷ ಯುಗಾದಿಯ ಹೊತ್ತಿಗೆ ನಮ್ಮ ಬಸದಿಗಳಿಗೆ ಸುಣ್ಣ ಹೊಡೆಸುವ ಟ್ರಸ್ಟುಗಳಿಗೆ ಅದರ ಖರ್ಚಿನ ಅಂದಾಜು ಚೆನ್ನಾಗಿಯೇ ಗೊತ್ತು.